ರೈಲಿನ ಜೊತೆ ನಮ್ಮ ತೋಟವೂ ಇರಲಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ರೈಲು ಛಾಯಾಗ್ರಾಹಕ ತಮ್ಮಂದಿರಿಗೆ, ತಂಗಿಯರಿಗೆ ಒಂದು ಬಹಿರಂಗ ಪತ್ರ



ಭಾನುವಾರ ಬಂತೆಂದರೆ ನಿಮ್ಮಲ್ಲಿ ಹಲವರು ಬೈಕ್ ಹತ್ತಿ ಸಕಲೇಶಪುರದ ಕಡೆ ಹೊರಡುತ್ತೀರಿ. ಮಳೆಗಾಲವಾದರೆ ಕ್ಯಾಸಲ್‌ರಾಕ್, ದೂಧ್‌ಸಾಗರ. ಇನ್ನೆರಡು ದಿನ ರಜೆ ಸಿಕ್ಕರೆ ಹೊನ್ನಾವರದ ಶರಾವತಿ ಸೇತುವೆ. ಅಲ್ಲಿಂದ ತಂದ ಚಿತ್ರಗಳನ್ನು ನನಗೂ ತೋರಿಸಿದ್ದೀರಿ. ಮಂಜಿನೊಳಗಿಂದ ಹೊರಬರುವ ಎಂಜಿನ್, ಸುರಂಗದ ಬಾಯಲ್ಲಿ ಕೆಂಪು ದೀಪ, ಹೊಳೆಯ ಮೇಲೆ ಉದ್ದಕ್ಕೂ ಚಾಚಿಕೊಂಡ ಬೋಗಿಗಳು. ನೋಡಿ ಸಂತೋಷಪಟ್ಟಿದ್ದೇನೆ. ಆದರೆ ನಮ್ಮೂರಿನ ಕಂಬಿಯ ಚಿತ್ರ ಎಲ್ಲಿ ಎಂದು ಕೇಳಿದಾಗೆಲ್ಲ ನೀವು ಕೊಡುವ ಉತ್ತರ ಒಂದೇ: ‘ಇಲ್ಲೇನಿದೆ ಅಂಕಲ್, ಬರೀ ತೆಂಗಿನ ತೋಟ.’ ಆ ಮಾತಿಗೆ ಉತ್ತರ ಕೊಡಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಘಟ್ಟದ ಚೆಲುವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ.ನಲ್ಲಿ 57 ಸುರಂಗಗಳಿವೆ. ಐವತ್ತು ಅಡಿ ಮುಂದೆ ಹೋದರೆ ಒಂದಡಿ ಇಳಿಯುವಂಥ ಇಳಿಜಾರು. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ಹಾಸನ–ಮಂಗಳೂರು ಮಾರ್ಗದಲ್ಲಿ ಬ್ರಾಡ್ ಗೇಜ್ ಕೆಲಸಕ್ಕಾಗಿ 1996ರಲ್ಲಿ ಸಂಚಾರ ನಿಂತಿತು. ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. 2024ರ ಜುಲೈ ಕೊನೆಯಲ್ಲಿ ಯಡಕುಮಾರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ಮತ್ತೆ ದಿನಗಟ್ಟಲೆ ಗಾಡಿ ನಿಂತಿತ್ತು. ಅಂಥ ಜಾಗದಲ್ಲಿ ರೈಲು ಓಡುವುದೇ ಒಂದು ಸಾಹಸ. ಅದನ್ನು ಚಿತ್ರದಲ್ಲಿ ಹಿಡಿಯಬೇಕೆನ್ನುವ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ.

ಆದರೆ ಘಟ್ಟದ ರೈಲಿಗೆ ಕ್ಯಾಮೆರಾ ಹಿಡಿಯುವವರು ಬೆಂಗಳೂರಿನಿಂದ ಬರುತ್ತಾರೆ, ಕೇರಳದಿಂದ ಬರುತ್ತಾರೆ, ಮುಂಬಯಿಯಿಂದ ಬರುತ್ತಾರೆ. ನೀವು ಹೋಗದಿದ್ದರೂ ಆ ಚಿತ್ರ ಬಂದೇ ಬರುತ್ತದೆ. ನಿಟ್ಟೂರು, ಸಂಪಿಗೆ ರೋಡ್, ಅಮ್ಮಸಂದ್ರ, ಬಾಣಸಂದ್ರ, ಅರಳಗುಪ್ಪೆ, ಕರಡಿ, ತಿಪಟೂರು, ಹೊನ್ನವಳ್ಳಿ ರೋಡ್: ಈ ಸಾಲಿನ ಮೇಲೆ ಕಣ್ಣಿಟ್ಟವರು ಯಾರಿದ್ದಾರೆ? ಇದನ್ನು ನೀವು ತೆಗೆಯದಿದ್ದರೆ ಯಾರೂ ತೆಗೆಯುವುದಿಲ್ಲ. ಈ ಸ್ಟೇಷನ್ನುಗಳಲ್ಲಿ ಕೆಲವು ಊರಿನಿಂದ ದೂರ ಹೊಲಗಳ ನಡುವೆ ನಿಂತಿವೆ. ಒಂದು ಪ್ಯಾಸೆಂಜರ್ ಗಾಡಿ ಬಂದು ಹೋದ ಮೇಲೆ ಪ್ಲಾಟ್‌ಫಾರಂ ಮೇಲೆ ಗಂಟೆಗಟ್ಟಲೆ ಯಾರೂ ಇರುವುದಿಲ್ಲ. ಏಕಾಂತದ ಜಾಗ ಬೇಕೆಂದು ನೂರಾರು ಕಿಲೋಮೀಟರ್ ಹೋಗುವ ನಿಮಗೆ, ತಿಪಟೂರು ಬಸ್‌ಸ್ಟ್ಯಾಂಡಿನಿಂದ ಅರ್ಧ ಗಂಟೆಯ ಹಾದಿಯಲ್ಲೇ ಅದು ಸಿಗುತ್ತದೆ.

ಈ ಹಾದಿ ಎಷ್ಟು ಹಳೆಯದೆಂದು ಒಮ್ಮೆ ಯೋಚಿಸಿ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಬರಿದು ಮಾಡಿದ ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ ಧಾನ್ಯ ಸಾಗಿಸಲು ದಾರಿಯಿಲ್ಲದೆ ಲಕ್ಷಾಂತರ ಜನ ಸತ್ತರು. ಆ ಬರದ ನೆನಪು ಆರುವ ಮೊದಲೇ ಬಯಲುಸೀಮೆಗೆ ರೈಲು ಬಂತು. 1884ರಲ್ಲಿ ಬೆಂಗಳೂರಿನಿಂದ ತುಮಕೂರು ದಾಟಿ ಗುಬ್ಬಿಯವರೆಗೆ, 1889ರ ಹೊತ್ತಿಗೆ ತಿಪಟೂರು, ಅರಸೀಕೆರೆ ಹಾದು ಹರಿಹರದವರೆಗೆ. ಸದರ್ನ್ ಮರಾಠ ರೈಲ್ವೆ ಕಂಪನಿ ನಡೆಸಿದ ಮೀಟರ್ ಗೇಜ್ ಅದು. ಎರಡು ಕಂಬಿಗಳ ನಡುವೆ ಸರಿಯಾಗಿ ಒಂದು ಮೀಟರು. ಸುಮಾರು ನೂರು ವರ್ಷ ನಮ್ಮ ಹಿರಿಯರು ಹತ್ತಿದ್ದು, ಇಳಿದಿದ್ದು, ಮಗಳನ್ನು ಗಂಡನ ಮನೆಗೆ ಕಳಿಸಿದ್ದು, ಮಗನನ್ನು ಕಾಲೇಜಿಗೆ ಕಳಿಸಿದ್ದು ಎಲ್ಲ ಆ ಚಿಕ್ಕ ಗಾಡಿಯಲ್ಲೇ. ಆ ನೂರು ವರ್ಷದ ಚಿತ್ರಗಳು ನಮ್ಮ ತಾಲೂಕುಗಳಲ್ಲಿ ಎಷ್ಟಿವೆ? ನಾನು ಕೇಳಿದ ಮನೆಗಳಲ್ಲಿ ಸಿಕ್ಕಿದ್ದು ಬೆರಳೆಣಿಕೆಯಷ್ಟು ಮಾತ್ರ.

ಅವುಗಳಲ್ಲಿ ಒಂದು ನಮ್ಮ ಮನೆಯ ಆಲ್ಬಮ್ಮಿನಲ್ಲಿದೆ. ಕಪ್ಪುಬಿಳುಪಿನದು, ಅಂಗೈಗಿಂತ ಸ್ವಲ್ಪ ದೊಡ್ಡದು. ತಿಪಟೂರು ಸ್ಟೇಷನ್ನಿನಲ್ಲಿ ಮದುವೆ ದಿಬ್ಬಣದವರು ಸಾಲಾಗಿ ನಿಂತಿದ್ದಾರೆ. ತೆಗೆದವರಿಗೆ ರೈಲಿನ ಮೇಲೆ ಗಮನವಿರಲಿಲ್ಲ, ಹೆಣ್ಣಿನ ಕಡೆಯವರ ಮೇಲಿತ್ತು. ಆದರೂ ಹಿಂದೆ ಮೀಟರ್ ಗೇಜ್ ಬೋಗಿಯೊಂದರ ಮುಕ್ಕಾಲು ಭಾಗ ಬಿದ್ದಿದೆ. ಕಿಟಕಿಗೆ ಅಡ್ಡ ಸರಳುಗಳು, ಒಂದು ಕಿಟಕಿಯಿಂದ ಕೈ ಹೊರಗಿಟ್ಟ ಹುಡುಗ. ಎಡಗಡೆ ಬಾಯಿ ಹೊಲಿದ ಗೋಣಿಚೀಲಗಳ ರಾಶಿ, ಅದರ ಮೇಲೆ ಕೂತು ಬೀಡಿ ಹಚ್ಚಿಕೊಳ್ಳುತ್ತಿರುವ ಹಮಾಲಿ. ಬಲತುದಿಯಲ್ಲಿ ಬೆತ್ತದ ದೊಡ್ಡ ಬಳೆಯನ್ನು ಹೆಗಲಿಗೆ ನೇತುಹಾಕಿಕೊಂಡ ರೈಲ್ವೆಯವನು. ಒಂಟಿ ಕಂಬಿಯ ಕಾಲದಲ್ಲಿ ಆ ಬಳೆಗೆ ಸಿಕ್ಕಿಸಿದ ಟೋಕನ್ ಡ್ರೈವರನ ಕೈ ಸೇರದೆ ಗಾಡಿ ಮುಂದಿನ ಸ್ಟೇಷನ್ನಿಗೆ ಹೊರಡುವಂತಿರಲಿಲ್ಲ. ಆ ಬಳೆ, ಆ ಚೀಲ, ಆ ಹುಡುಗನ ಕೈ ಇವೆಲ್ಲ ಅಕಸ್ಮಾತ್ತಾಗಿ ಉಳಿದವು. ಇವತ್ತು ಆ ಫೋಟೋ ನೋಡುವವರು ಮದುವೆಯವರನ್ನು ಗುರುತಿಸಿದ ಮೇಲೆ ಬಹಳ ಹೊತ್ತು ನೋಡುವುದು ಹಿಂದಿನದನ್ನೇ. ಆದರೆ ಫೋಟೋದ ಬೆನ್ನಿಗೆ ಇಸವಿ ಬರೆದಿಲ್ಲ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ವರ್ಷ ಹೇಳುತ್ತಾರೆ.

ಮೀಟರ್ ಗೇಜ್ ಹೋಗಿದ್ದು 1990ರ ದಶಕದಲ್ಲಿ. ನಮ್ಮವರೇ ಆದ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಮಂತ್ರಿಯಾಗಿದ್ದಾಗ, 1992ರಲ್ಲಿ, ದೇಶದ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯೂನಿಗೇಜ್ ಯೋಜನೆ ಶುರುವಾಯಿತು. ನಮಗೂ 1,676 ಮಿ.ಮೀ. ಅಗಲದ ಬ್ರಾಡ್ ಗೇಜ್ ಬಂತು. ಅದರಿಂದ ಒಳ್ಳೆಯದೇ ಆಯಿತು, ಆ ಬಗ್ಗೆ ನನಗೆ ಎರಡು ಮಾತಿಲ್ಲ. ಸಿದ್ಧಗಂಗಾ ಇಂಟರ್‌ಸಿಟಿ, ಜನಶತಾಬ್ದಿಯಂಥ ಗಾಡಿಗಳಿಲ್ಲದೆ ಈಗ ನಮ್ಮ ದಿನವೇ ಸಾಗುವುದಿಲ್ಲ. ಆದರೆ ಆ ಬದಲಾವಣೆಯ ದಿನಗಳ ಚಿತ್ರಗಳು? ಹಳೆಯ ಕಂಬಿ ಕಿತ್ತದ್ದು, ಕೈಮರ ಇಳಿಸಿದ್ದು, ಕೊನೆಯ ಚಿಕ್ಕ ಗಾಡಿ ಹೊರಟದ್ದು? ಆಗ ಊರಿನಲ್ಲಿ ಸ್ಟುಡಿಯೋಗಳಿದ್ದವು, ಕ್ಯಾಮೆರಾ ಇದ್ದವರಿದ್ದರು. ಇದನ್ನು ತೆಗೆದಿಡಬೇಕೆಂದು ಯಾರಿಗೂ ತೋಚಲಿಲ್ಲ. ರೋಲು ದುಬಾರಿಯಾಗಿತ್ತು ಎಂಬುದೂ ನಿಜ. ನಿಮಗೆ ಆ ಅಡ್ಡಿ ಇಲ್ಲ.

ಅದಾದ ಮೇಲೆ ನಿಮ್ಮ ಕಣ್ಣೆದುರಿಗೇ ಎರಡು ದೊಡ್ಡ ಬದಲಾವಣೆ ನಡೆದವು. ತುಮಕೂರು–ಅರಸೀಕೆರೆ ನಡುವೆ ಜೋಡಿ ಹಳಿ ಬಂತು. ಅದರ ಬೆನ್ನಿಗೇ ವಿದ್ಯುತ್ ತಂತಿ ಬಂತು. 2023ರ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾದಾಗ ನೀವೆಲ್ಲ ಮೊಬೈಲು ಹಿಡಿದು ನಿಂತಿದ್ದಿರಿ, ಸರಿ. ಆದರೆ ಅದಕ್ಕಿಂತ ಹಿಂದೆ, ತಂತಿಕಂಬ ಇಲ್ಲದ ತೆರೆದ ಆಕಾಶದ ಕೆಳಗೆ ಡೀಸೆಲ್ ಎಂಜಿನ್ ಹೊಗೆ ಬಿಟ್ಟುಕೊಂಡು ಕರಡಿಯ ಕಡೆಯಿಂದ ಬರುತ್ತಿತ್ತಲ್ಲ, ಆ ನೋಟ ಇನ್ನೊಮ್ಮೆ ಸಿಗುವುದಿಲ್ಲ. ನಿಮ್ಮ ಹಳೆಯ ಮೊಬೈಲುಗಳಲ್ಲಿ ಅಂಥದ್ದೇನಾದರೂ ಇದ್ದರೆ ಇವತ್ತೇ ತೆಗೆದು ಬೇರೆ ಕಡೆ ಇಟ್ಟುಕೊಳ್ಳಿ. ಈಗ ತಿಪಟೂರು ನಿಲ್ದಾಣ, ಸ್ಟೇಷನ್ನುಗಳನ್ನು ನವೀಕರಿಸುವ ಅಮೃತ ಭಾರತ ಯೋಜನೆಯ ಪಟ್ಟಿಯಲ್ಲಿದೆ. ರೈಲ್ವೆ ಗೇಟುಗಳು ಒಂದೊಂದಾಗಿ ಮುಚ್ಚಿ ಅಂಡರ್‌ಪಾಸ್ ಆಗುತ್ತಿವೆ. ಗೇಟು ಹಾಕಿದಾಗ ಎರಡೂ ಕಡೆ ನಿಲ್ಲುತ್ತಿದ್ದ ಎತ್ತಿನ ಗಾಡಿ, ಕಾಯಿ ತುಂಬಿದ ಟ್ರ್ಯಾಕ್ಟರ್, ಟೀವಿಎಸ್ ಮೇಲೆ ಎಳನೀರು ಕಟ್ಟಿಕೊಂಡವರು, ಶಾಲೆಯ ಮಕ್ಕಳು ಎಲ್ಲ ಒಂದೇ ಚೌಕಟ್ಟಿನೊಳಗೆ ಸಿಗುತ್ತಿದ್ದ ಜಾಗ ಅದು. ಉಳಿದಿರುವ ಗೇಟುಗಳಿಗೆ ಮೊದಲು ಹೋಗಿ.

ಹೊರಗಿನವರೊಬ್ಬರ ಕೆಲಸವನ್ನು ನೀವು ನೋಡಲೇಬೇಕು. ಅಮೆರಿಕದ ಓ. ವಿನ್‌ಸ್ಟನ್ ಲಿಂಕ್. ನ್ಯೂಯಾರ್ಕಿನಲ್ಲಿ ಜಾಹೀರಾತಿನ ಫೋಟೋ ತೆಗೆಯುತ್ತಿದ್ದವರು. ಆ ದೇಶದ ದೊಡ್ಡ ರೈಲ್ವೆಗಳಲ್ಲಿ ಉಗಿ ಎಂಜಿನ್ ಬಿಡದೆ ಉಳಿಸಿಕೊಂಡಿದ್ದ ಕೊನೆಯ ಸಂಸ್ಥೆ ನಾರ್ಫೋಕ್ ಅಂಡ್ ವೆಸ್ಟರ್ನ್. ಅಲ್ಲೂ ಡೀಸೆಲ್ ಬರುತ್ತದೆಂದು ಗೊತ್ತಾದಾಗ, 1955ರಿಂದ 1960ರವರೆಗೆ, ವರ್ಜೀನಿಯಾ ಕಡೆಯ ಗುಡ್ಡಗಾಡಿನ ಹಳ್ಳಿಗಳಿಗೆ ಮತ್ತೆ ಮತ್ತೆ ಹೋದರು. ಅವರ ಹೆಸರಾಂತ ಚಿತ್ರಗಳಲ್ಲಿ ಹೆಚ್ಚಿನವು ರಾತ್ರಿ ತೆಗೆದವು. ಹತ್ತಾರು ಫ್ಲ್ಯಾಶ್ ಬಲ್ಬುಗಳನ್ನು ತಂತಿಯಲ್ಲಿ ಜೋಡಿಸಿ, ರೈಲು ಹಾಯುವ ಒಂದು ಕ್ಷಣಕ್ಕೆ ಇಡೀ ಕಣಿವೆಗೆ ಬೆಳಕು ಕೊಡುತ್ತಿದ್ದರು. ಅವರ ಚಿತ್ರಗಳಲ್ಲಿ ಎಂಜಿನ್ ಎಷ್ಟೋ ಸಲ ಹಿಂದೆ ಇರುತ್ತದೆ. ಮುಂದೆ ಮನೆಯ ಹಜಾರದಲ್ಲಿ ಕೂತವರು, ಹೊಳೆಯಲ್ಲಿ ಈಜುವ ಮಕ್ಕಳು, ಅಂಗಡಿ ಜಗಲಿಯ ಮೇಲಿನ ಮುದುಕರು. 1956ರಲ್ಲಿ ತೆಗೆದ ಒಂದು ಚಿತ್ರದಲ್ಲಿ ಕಾರಿನೊಳಗೇ ಕೂತು ಬಯಲು ಸಿನಿಮಾ ನೋಡುತ್ತಿರುವ ಜೋಡಿ, ಪರದೆಯ ಮೇಲೆ ವಿಮಾನ, ಪಕ್ಕದಲ್ಲಿ ಹೊಗೆಯುಗುಳುತ್ತ ಹಾಯುತ್ತಿರುವ ಗೂಡ್ಸ್ ಗಾಡಿ. ಅವರು ಎಂಜಿನ್ನುಗಳ ಸದ್ದನ್ನೂ ರೆಕಾರ್ಡ್ ಮಾಡಿಟ್ಟರು. ಆ ಹಳ್ಳಿಗಳಲ್ಲಿ ಆಗ ಜನ ಹೇಗೆ ಬದುಕಿದ್ದರು ಎಂದು ತಿಳಿಯಬೇಕೆನ್ನುವವರು ಇವತ್ತು ಆ ಚಿತ್ರಗಳನ್ನೇ ತೆರೆಯುತ್ತಾರೆ. ರೋನೋಕ್ ಊರಿನ ಹಳೆಯ ರೈಲು ನಿಲ್ದಾಣದಲ್ಲಿ 2004ರಿಂದ ಅವರದೇ ಒಂದು ಸಂಗ್ರಹಾಲಯವಿದೆ.

ನಮ್ಮಲ್ಲೂ ಉದಾಹರಣೆ ಇದೆ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಮಾಡಿದಾಗ ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು ಎಂಬ ಸಣ್ಣ ಸ್ಟೇಷನ್ ಮಾಲ್ಗುಡಿ ಆಯಿತು. ಆ ಧಾರಾವಾಹಿಯ ನೆನಪಿನಿಂದಲೇ 2020ರಲ್ಲಿ ಅಲ್ಲೊಂದು ಮ್ಯೂಸಿಯಂ ಬಂತು. ಅರಸಾಳಿಗಿಂತ ಅರಳಗುಪ್ಪೆ ಯಾವುದರಲ್ಲಿ ಕಡಿಮೆ? ಒಂಬತ್ತನೆಯ ಶತಮಾನದ ಕಲ್ಲೇಶ್ವರ ದೇವಾಲಯ, ಅದರ ಒಳಛಾವಣಿಯಲ್ಲಿ ದಿಕ್ಪಾಲಕರ ನಡುವೆ ಕುಣಿಯುವ ಶಿವ, ಹೊಯ್ಸಳರ ಚೆನ್ನಕೇಶವ ಇರುವ ಊರು ಅದು. ಕ್ಯಾಮೆರಾ ಆ ಊರಿನ ಕಡೆ ತಿರುಗಲಿಲ್ಲ, ಅಷ್ಟೇ.

ಈಗ ನಿಮ್ಮ ‘ಬರೀ ತೆಂಗಿನ ತೋಟ’ಕ್ಕೆ ಬರುತ್ತೇನೆ. ವಂದೇ ಭಾರತ್ ಗಾಡಿ ವಾರಾಣಸಿಯಲ್ಲೂ ಅದೇ, ಧಾರವಾಡದಲ್ಲೂ ಅದೇ. ಅದೇ ಮೂತಿ. ಚಿತ್ರ ನೋಡಿದವರಿಗೆ ಇದು ತಿಪಟೂರು ಎಂದು ಹೇಳುವುದು ಗಾಡಿಯಲ್ಲ, ಅದರ ಅಕ್ಕಪಕ್ಕ ನಿಂತಿರುವ ಮರ. ತಿಪಟೂರು ತಳಿಯ ನೆಟ್ಟನೆಯ ಎತ್ತರದ ಮರ, ಸಾಲಿನ ನಡುವೆ ಕೆಂಪು ಮಣ್ಣು, ಅಂಚಿನಲ್ಲಿ ನಾರಿನ ಕಾರ್ಖಾನೆಯ ಮುಂದೆ ಬಿದ್ದ ಕಾಯಿಮಟ್ಟೆಯ ಗುಡ್ಡ, ತೋಟದ ಮನೆಯ ಪಕ್ಕದಲ್ಲಿ ಕೊಬ್ಬರಿ ಅಟ್ಟ. ಅಟ್ಟದ ಮೇಲೆ ಎಂಟು ಹತ್ತು ತಿಂಗಳು ಕಾಯಿ ಒಣಗಿ, ಒಳಗೇ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಸದ್ದು ಬಂದ ಮೇಲೆ ಸುಲಿದು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತೇವಲ್ಲ, ಹೊರಗಿನವರಿಗೆ ಅದು ಗೊತ್ತೇ ಇಲ್ಲ. ಒಡೆಯುವ ಹೆಂಗಸರು ಚಿಪ್ಪಿನ ರಾಶಿಯ ಪಕ್ಕ ಕೂತಿರುವಾಗ ಅವರ ಬೆನ್ನ ಹಿಂದೆ ಸಿದ್ಧಗಂಗಾ ಹಾಯ್ದು ಹೋದರೆ ಅಂಥ ಚಿತ್ರ ಭಾರತದ ಇನ್ನಾವ ಭಾಗದಲ್ಲಿ ಸಿಕ್ಕೀತು?

ಇದಕ್ಕಿಂತ ದೊಡ್ಡ ಕಾರಣವೂ ಒಂದಿದೆ. ನಮ್ಮ ತೋಟಗಳು ಹಾಗೆಯೇ ಉಳಿದಿಲ್ಲ. 1990ರ ದಶಕದ ಕೊನೆಯಲ್ಲಿ ನುಸಿ ಪೀಡೆ ಬಂದು ಕಾಯಿ ಸಣ್ಣಗಾಯಿತು. ಕಪ್ಪುತಲೆ ಹುಳು ಬಿದ್ದ ತೋಟದ ಗರಿಗಳು ಬೆಂಕಿಗೆ ಬಾಡಿದಂತೆ ಕಂದುಬಣ್ಣಕ್ಕೆ ತಿರುಗುತ್ತವೆ. ಅಣಬೆ ರೋಗ ತಗಲಿದ ಮರದ ಸುಳಿ ದಿನೇದಿನೇ ಕಿರಿದಾಗುತ್ತದೆ. ಈಚೆಗೆ ಬಂದ ಬಿಳಿನೊಣದಿಂದ ಗರಿಗಳ ಮೇಲೆ ಮಸಿ ಬಳಿದಂಥ ಕಪ್ಪು ಕೂರುತ್ತದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಬೋರ್‌ವೆಲ್ ಬತ್ತಿ ತಲೆ ಉದುರಿಸಿಕೊಂಡು ಬೋಳು ಕಂಬಗಳಾಗಿ ನಿಂತ ಮರಗಳನ್ನು ಚಿಕ್ಕನಾಯಕನಹಳ್ಳಿ, ಹೊನ್ನವಳ್ಳಿ ಕಡೆಯವರು ಕಂಡಿದ್ದೀರಿ. ಇವೆಲ್ಲ ದೂರದಿಂದ ತೆಗೆದ ಫೋಟೋದಲ್ಲೂ ಕಾಣುವ ಸಂಗತಿಗಳು. ರೈಲಿನ ಚಿತ್ರವೆಂದು ನೀವು ಒಂದೇ ಜಾಗದಲ್ಲಿ ನಿಂತು, ಒಂದೇ ದಿಕ್ಕಿಗೆ, ಪ್ರತಿವರ್ಷ ಅದೇ ತಿಂಗಳಲ್ಲಿ ತೆಗೆದರೆ ಹತ್ತು ವರ್ಷದಲ್ಲಿ ಅದು ತೋಟದ ಆರೋಗ್ಯದ ದಾಖಲೆಯಾಗುತ್ತದೆ. ಯಾವ ಕೆರೆ ಎಂದು ತುಂಬಿತು, ಹೇಮಾವತಿ ನಾಲೆಯ ನೀರು ಎಲ್ಲಿಗೆ ಮುಟ್ಟಿತು, ಎಲ್ಲಿ ತೋಟ ಹೋಗಿ ಲೇಔಟ್ ಬಂತು ಎಂಬುದೆಲ್ಲ ಅದರಲ್ಲಿ ಬೀಳುತ್ತದೆ. ತೋಟಗಾರಿಕೆಯವರು ಮಾಡಬೇಕಾದ ಕೆಲಸದ ಒಂದು ಪಾಲನ್ನು ನೀವು ಹವ್ಯಾಸದಲ್ಲೇ ಮಾಡಿದಂತಾಗುತ್ತದೆ. ನನಗಂತೂ ಇದೇ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ.

ತೆಗೆಯುವ ಬಗೆಯ ಬಗ್ಗೆಯೂ ಎರಡು ಮಾತು. ನಮ್ಮ ಕಂಬಿ ಹೆಚ್ಚುಕಡಿಮೆ ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತದೆ. ಬೆಂಗಳೂರಿಗೆ ಹೋಗುವ ಗಾಡಿಯ ಮುಖಕ್ಕೆ ಬೆಳಗ್ಗೆ ಬಿಸಿಲು ಬೀಳುತ್ತದೆ, ಅರಸೀಕೆರೆ ಕಡೆಯ ಗಾಡಿಗೆ ಸಂಜೆ. ವರ್ಷದ ಬಹುಪಾಲು ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಕಂಬಿಯ ದಕ್ಷಿಣದ ಮಗ್ಗುಲಲ್ಲಿ ನಿಂತವರಿಗೆ ಬೋಗಿಗಳ ಬಣ್ಣ ಚೆನ್ನಾಗಿ ಸಿಗುತ್ತದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ, ಆಗ ಉತ್ತರದ ಮಗ್ಗುಲು. ತೋಟದ ನೆರಳು ಬೆಳಗ್ಗೆ ಸಂಜೆ ಪಟ್ಟೆಪಟ್ಟೆಯಾಗಿ ಗಾಡಿಯ ಮೇಲೆ ಬೀಳುತ್ತದೆ. ಕೆಲವರಿಗೆ ಅದು ಅಡ್ಡಿ ಅನ್ನಿಸಬಹುದು. ಅದೇ ನಮ್ಮ ಸೀಮೆಯ ಗುರುತು, ಬಿಡಬೇಡಿ.

ತಂತಿಕಂಬಗಳು ಬಂದ ಮೇಲೆ ಹತ್ತಿರದಿಂದ ತೆಗೆದ ಯಾವ ಚಿತ್ರವೂ ಸಲೀಸಲ್ಲ. ಐವತ್ತು ಅರವತ್ತು ಮೀಟರಿಗೆ ಒಂದು ಕಂಬ ನಿಂತಿದೆ, ಜೋಡಿ ಹಳಿಯಾದ್ದರಿಂದ ಎರಡೂ ಮಗ್ಗುಲಲ್ಲಿ. ಆದ್ದರಿಂದ ದೂರ ಸರಿಯಿರಿ, ಎತ್ತರಕ್ಕೆ ಹೋಗಿ. ಕೆರೆ ಏರಿ, ರಸ್ತೆಯ ಮೇಲ್ಸೇತುವೆ, ಹೊಲದ ಬದು, ನಾಲೆಯ ದಂಡೆ. ಗಾಡಿ ಗಂಟೆಗೆ 110 ಕಿ.ಮೀ. ವೇಗದಲ್ಲಿದ್ದರೆ ಸೆಕೆಂಡಿಗೆ ಮೂವತ್ತು ಮೀಟರು ಓಡುತ್ತದೆ. ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಶಟರ್ ತೆರೆದಿದ್ದರೂ ಅಷ್ಟರಲ್ಲಿ ಮೂರು ಸೆಂಟಿಮೀಟರು ಸರಿದಿರುತ್ತದೆ. ಹತ್ತಿರ ನಿಂತು ಮೊಬೈಲಿನಲ್ಲಿ ತೆಗೆದರೆ ಬೋಗಿಯ ಬಾಗಿಲು ಕಿಟಕಿಗಳೆಲ್ಲ ಓರೆಯಾಗಿ ಬಾಗುವುದನ್ನು ನೋಡಿದ್ದೀರಲ್ಲ. ದೂರದಿಂದ ತೆಗೆದರೆ ಈ ಎರಡು ತೊಂದರೆಯೂ ಕಡಿಮೆ, ಸುತ್ತಲಿನ ಸೀಮೆಯೂ ಚಿತ್ರದೊಳಗೆ ಬರುತ್ತದೆ. ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆ, ಬಿ.ಎಚ್. ರೋಡಿನ ಮಗ್ಗುಲಲ್ಲೇ ಹೋಗುವ ಕಂಬಿ, ಮಳೆ ನಿಂತ ಮೇಲಿನ ರಾಗಿ ಹೊಲ ಎಲ್ಲಕ್ಕೂ ಆ ದೂರ ಬೇಕೇ ಬೇಕು.

ದೂರ ನಿಲ್ಲಿ ಎನ್ನಲು ಇನ್ನೊಂದು ಕಾರಣವಿದೆ. ಅದನ್ನು ಹೇಳುವಾಗ ನನ್ನ ದನಿ ಗಡುಸಾದರೆ ಬೇಸರಿಸಬೇಡಿ. 2017ರ ಅಕ್ಟೋಬರ್‌ನಲ್ಲಿ ಬಿಡದಿ ಬಳಿ ಹಳಿಯ ಮೇಲೆ ಸೆಲ್ಫಿ ತೆಗೆದುಕೊಳ್ಳಲು ಹೋಗಿ ಮೂವರು ವಿದ್ಯಾರ್ಥಿಗಳು ಸತ್ತರು. ನಿಮ್ಮದೇ ವಯಸ್ಸಿನವರು. 2023ರ ಜುಲೈಯಲ್ಲಿ ದೂಧ್‌ಸಾಗರಕ್ಕೆ ಹಳಿ ಹಿಡಿದು ನಡೆದು ಹೋದವರನ್ನು ಪೊಲೀಸರು ತಡೆದರು. ಜಲಪಾತವನ್ನು ಗಾಡಿಯೊಳಗಿಂದಲೇ ನೋಡಿ ಎಂದು ನೈಋತ್ಯ ರೈಲ್ವೆ ಕೈಮುಗಿದು ಕೇಳಬೇಕಾಯಿತು. ಸಕಲೇಶಪುರದ ಹಳಿ ಚಾರಣಕ್ಕೂ ನಿಷೇಧವಿದೆ. ಅಪ್ಪಣೆಯಿಲ್ಲದೆ ಹಳಿಯ ಮೇಲೆ ಹೋಗುವುದು ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಕಾನೂನನ್ನು ಬದಿಗಿಡಿ. ಡೀಸೆಲ್ ಎಂಜಿನ್ ಮೈಲಿ ದೂರದಿಂದಲೇ ಕೇಳುತ್ತಿತ್ತು. ಈಗಿನ ವಿದ್ಯುತ್ ಎಂಜಿನ್ ಹತ್ತಿರ ಬರುವವರೆಗೆ ಸದ್ದೇ ಇಲ್ಲ, ಗಾಳಿ ಎದುರಾಗಿ ಬೀಸುತ್ತಿದ್ದರೆ ಇನ್ನೂ ಕಷ್ಟ. ಒಂದು ಹಳಿಯ ಗಾಡಿಯನ್ನು ನೋಡುತ್ತ ನಿಂತಾಗ ಇನ್ನೊಂದು ಹಳಿಯಲ್ಲಿ ಹಿಂದಿನಿಂದ ಮತ್ತೊಂದು ಬರುತ್ತದೆ. ಒಂಟಿ ಕಂಬಿಯ ಕಾಲದ ಅಭ್ಯಾಸ ಇರುವ ನಮ್ಮಂಥ ಹಿರಿಯರು ಮರೆಯುವುದು ಇದನ್ನೇ. ಬೋಗಿ ಕಂಬಿಯಿಂದ ಆಚೆಗೆ ಮುಕ್ಕಾಲು ಮೀಟರು ಚಾಚಿಕೊಂಡಿರುತ್ತದೆ. ಡ್ರೈವರ್ ನಿಮ್ಮನ್ನು ಕಂಡು ಬ್ರೇಕ್ ಒತ್ತಿದರೂ ಪೂರ್ತಿ ವೇಗದ ಗಾಡಿ ನಿಲ್ಲಲು ಹೆಚ್ಚುಕಡಿಮೆ ಒಂದು ಕಿಲೋಮೀಟರು ಬೇಕು. ಮೇಲಿನ ತಂತಿಯಲ್ಲಿ 25,000 ವೋಲ್ಟ್ ಹರಿಯುತ್ತಿದೆ. ಸೆಲ್ಫಿ ಕೋಲು, ಕಾಯಿ ಕೀಳುವ ಉದ್ದನೆಯ ಗಳು, ಡ್ರೋನ್ ಯಾವುದೂ ಅದರ ಹತ್ತಿರ ಸುಳಿಯಕೂಡದು. ನಿಂತ ಗೂಡ್ಸ್ ಗಾಡಿಯ ಮೇಲೆ ಹತ್ತಿ ಫೋಟೋ ತೆಗೆಯಲು ಹೋದವರು ತಂತಿ ಮುಟ್ಟದೆಯೂ ಸುಟ್ಟುಹೋಗಿದ್ದಾರೆ. ನಿಮ್ಮ ಗುಂಪಿನಲ್ಲಿ ಯಾರಾದರೂ ಹಳಿಯ ಮೇಲೆ ನಿಂತು ತೆಗೆದ ಚಿತ್ರ ತೋರಿಸಿದರೆ, ಎಷ್ಟೇ ಚೆನ್ನಾಗಿದ್ದರೂ ಅದನ್ನು ಹೊಗಳಬೇಡಿ. ಅದನ್ನು ನೋಡಿ ಹತ್ತನೇ ಕ್ಲಾಸಿನ ಹುಡುಗನೊಬ್ಬ ಅದೇ ಜಾಗಕ್ಕೆ ಹೋಗುತ್ತಾನೆ.

ಹಳಿಯ ಮೇಲೆ ನಡೆಯುವ ಹಕ್ಕು ಇರುವವರು ಬೇರೆ. ಬೆಳಗ್ಗೆ ಬೇಗ ಹೋದರೆ ಕೀಮ್ಯಾನ್ ಸಿಗುತ್ತಾರೆ. ಹೆಗಲ ಮೇಲೆ ಸುತ್ತಿಗೆ ಸ್ಪ್ಯಾನರ್, ಕೈಯಲ್ಲಿ ಕೆಂಪು ಹಸಿರು ಬಾವುಟ, ಮೈಮೇಲೆ ಕಿತ್ತಳೆ ಬಣ್ಣದ ಅಂಗಿ. ತಮ್ಮ ಪಾಲಿನ ಹಳಿಯನ್ನು ದಿನವೂ ನಡೆದು, ಸಡಿಲವಾದ ಕ್ಲಿಪ್ಪನ್ನು ಬಡಿದು ಕೂರಿಸಿ, ಬಿರುಕು ಬಿಟ್ಟಿದೆಯೇ ಎಂದು ಬಗ್ಗಿ ನೋಡಿ ಮುಂದೆ ಹೋಗುತ್ತಾರೆ. ಮಳೆಗಾಲದ ರಾತ್ರಿಗಳಲ್ಲಿ ಅವರ ಜೊತೆಯವರು ಟಾರ್ಚ್ ಹಿಡಿದು ಕತ್ತಲಲ್ಲಿ ನಡೆಯುತ್ತಾರೆ. ಬೇಸಿಗೆಯ ಮಧ್ಯಾಹ್ನ ಕಂಬಿ ಕಾದು ಹಿಗ್ಗುವಾಗಲೂ ಅವರದೇ ಕಾವಲು. ಇವರ ಒಂದು ಒಳ್ಳೆಯ ಚಿತ್ರ ನಾನು ಈವರೆಗೆ ನಿಮ್ಮ ಯಾರ ಬಳಿಯೂ ನೋಡಿಲ್ಲ. ಗೇಟ್‌ಮನ್‌ಗಳು, ಪಾಯಿಂಟ್ಸ್‌ಮನ್‌ಗಳು, ಪ್ಯಾಸೆಂಜರ್ ಗಾಡಿಯಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಹೋಗುವ ಅಮ್ಮಂದಿರು ಯಾರದ್ದೂ ಇಲ್ಲ. ಅವರನ್ನು ಕೇಳಿ ತೆಗೆಯಿರಿ. ಬೇಡ ಎಂದರೆ ಬಿಡಿ. ಕೆಲಸ ನಿಲ್ಲಿಸಿ ಪೋಸು ಕೊಡಿ ಎನ್ನಬೇಡಿ. ತೆಗೆದ ಮೇಲೆ ಒಂದು ಪ್ರಿಂಟ್ ಹಾಕಿಸಿ ಅವರ ಕೈಗೆ ಕೊಟ್ಟು ಬನ್ನಿ, ಖರ್ಚು ಒಂದು ಕಾಫಿಯಷ್ಟು ಮಾತ್ರ. ಸ್ಟೇಷನ್ನಿನೊಳಗೆ ಹೋಗುವುದಾದರೆ ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಳ್ಳಿ, ಮೊದಲು ಸ್ಟೇಷನ್ ಮಾಸ್ಟರ್ ಬಳಿ ಹೋಗಿ ನೀವು ಯಾರು, ಏನು ಮಾಡುತ್ತೀರಿ ಎಂದು ಹೇಳಿ. ಮದುವೆ ಶೂಟ್, ಜಾಹೀರಾತಿನಂಥ ಹಣದ ಕೆಲಸವಾದರೆ ರೈಲ್ವೆಯ ಅನುಮತಿ ಪಡೆಯಲೇಬೇಕು. ತೋಟದೊಳಗಿಂದ ತೆಗೆಯುವುದಾದರೆ ತೋಟದವರನ್ನೂ ಕೇಳಿ. ಕೇಳಿದವರಿಗೆ ನಮ್ಮ ಕಡೆ ಎಳನೀರು ಕೆತ್ತಿಕೊಟ್ಟೇ ಕಳಿಸುತ್ತಾರೆ.

ತುರುವೇಕೆರೆಯವರಿಗೆ ಬಾಣಸಂದ್ರವೇ ರೈಲಿನ ಬಾಗಿಲು. ಚಿಕ್ಕನಾಯಕನಹಳ್ಳಿ ಪಟ್ಟಣಕ್ಕೆ ಈಗಲೂ ರೈಲಿಲ್ಲ. ಹತ್ತಿರದ ಶಿರಾ ಮೂಲಕ ತುಮಕೂರು–ದಾವಣಗೆರೆ ಹೊಸ ಮಾರ್ಗದ ಕೆಲಸ ನಡೆಯುತ್ತಿದೆ. ನೂರ ನಲವತ್ತು ವರ್ಷದ ಹಿಂದೆ ನಮ್ಮ ಹಾದಿಗೆ ಮಣ್ಣು ಹೊತ್ತವರ ಚಿತ್ರ ನಮ್ಮ ಬಳಿ ಒಂದೂ ಇಲ್ಲ. ಈ ಹೊಸ ಹಾದಿಗಾದರೂ ಮಣ್ಣು ಬಿದ್ದ ದಿನದಿಂದ ಮೊದಲ ಗಾಡಿ ಬರುವ ದಿನದವರೆಗಿನ ಚಿತ್ರಗಳು ಇರಲಿ. ಚಿಕ್ಕನಾಯಕನಹಳ್ಳಿಯ ಹುಡುಗ ಹುಡುಗಿಯರು ಆ ಕೆಲಸ ವಹಿಸಿಕೊಳ್ಳಿ ಎಂದು ಹೆಸರು ಹಿಡಿದೇ ಕೇಳುತ್ತಿದ್ದೇನೆ.

ಇನ್ನು ತೆಗೆದ ಚಿತ್ರ ಎಲ್ಲಿ ಹೋಗಬೇಕು? ಸ್ಟೇಟಸ್‌ನಲ್ಲಿ ಹಾಕಿದ ಚಿತ್ರಕ್ಕೆ ಒಂದು ದಿನದ ಆಯಸ್ಸು. ಮೊಬೈಲು ಕೆಟ್ಟರೆ ಅದೂ ಇಲ್ಲ. ವರ್ಷದ ಚಿತ್ರಗಳಲ್ಲಿ ಚೆನ್ನಾಗಿರುವುದನ್ನು ಆರಿಸಿ ಎರಡು ಕಡೆ ಉಳಿಸಿ. ಹತ್ತಾದರೂ ಪ್ರಿಂಟ್ ಹಾಕಿಸಿ. ನಮ್ಮ ಕಲ್ಪತರು ಕಾಲೇಜಿನ ಗ್ರಂಥಾಲಯಕ್ಕೋ ತಾಲೂಕಿನ ಸಾರ್ವಜನಿಕ ಗ್ರಂಥಾಲಯಕ್ಕೋ ಒಂದು ಪ್ರತಿ ಕೊಡಿ. ವಿಕಿಮೀಡಿಯ ಕಾಮನ್ಸ್‌ನಲ್ಲಿ ಹಾಕಿದರೆ ಯಾರು ಬೇಕಾದರೂ ಬಳಸಿಕೊಳ್ಳಬಹುದು, ವಿವರವನ್ನು ಕನ್ನಡದಲ್ಲೇ ಬರೆಯಬಹುದು. ನಿಮ್ಮ ಅಜ್ಜ ಅಜ್ಜಿಯರ ಟ್ರಂಕಿನಲ್ಲಿ ಮೀಟರ್ ಗೇಜ್ ಕಾಲದ ಫೋಟೋ ಇದ್ದರೆ ಅದನ್ನು ಸ್ಕ್ಯಾನ್ ಮಾಡಿಸಿ. ಮದುವೆಯದ್ದಾಗಲಿ, ಮಿಲಿಟರಿಗೆ ಸೇರಿದ ಮಗನನ್ನು ಕಳಿಸುವಾಗ ತೆಗೆದದ್ದಾಗಲಿ, ಹಿಂದೆ ಒಂದು ಬೋಗಿಯ ತುಣುಕು ಕಂಡರೂ ಸಾಕು. ಅಜ್ಜ ಅಜ್ಜಿ ಇನ್ನೂ ಇದ್ದರೆ ಅದು ಯಾವ ವರ್ಷ, ಯಾರ‍್ಯಾರು ಇದ್ದಾರೆ ಎಂದು ಕೇಳಿ ಬರೆದುಕೊಳ್ಳಿ. ಆ ಕೆಲಸವನ್ನು ಮುಂದಿನ ಹಬ್ಬಕ್ಕೆಂದು ಮುಂದಕ್ಕೆ ಹಾಕಬೇಡಿ.

ಬರುವ ಭಾನುವಾರ ಸಕಲೇಶಪುರದ ಬದಲು ಅರಳಗುಪ್ಪೆಗೆ ಹೋಗಿ. ಕಂಬಿಯಿಂದ ದೂರ, ಏರಿಯ ಮೇಲೋ ಬದುವಿನ ಮೇಲೋ ನಿಲ್ಲಿ. ಗಾಡಿಯ ಜೊತೆ ತೋಟವೂ, ತೋಟದ ಜೊತೆ ಜನರೂ ಬರುವಂತೆ ಒಂದು ಚಿತ್ರ ತೆಗೆಯಿರಿ. ಆಮೇಲೆ ಅದರ ಬೆನ್ನಿಗೆ ಇಷ್ಟು ಬರೆಯಿರಿ: ಊರು, ದಿನಾಂಕ, ಹೊತ್ತು, ಗಾಡಿಯ ಹೆಸರು, ನೀವು ನಿಂತ ಜಾಗ, ತೆಗೆದವರ ಹೆಸರು.

ಇತಿ ನಿಮ್ಮ ಹಿತೈಷಿ,
ತಿಪಟೂರಿನ ಒಬ್ಬ ಹಿರಿಯ ಛಾಯಾಗ್ರಾಹಕ